ಅಂಗಳದ ದೀಪಕ್ಕೆ ಆರ್ಮರ್ಡ್ ಕೇಬಲ್ ಮತ್ತು ಅರ್ಥಿಂಗ್: ಎರೆ ಮಣ್ಣಿನ ಊರಿನವರಿಗೆ ಹಂತ ಹಂತವಾಗಿ

ಮೂರು ಮಳೆಗಾಲದ ಹಿಂದೆ ನಮ್ಮ ತೋಟದ ಮನೆಯ ಗೇಟಿನ ಹತ್ತಿರ ಒಂದು ಕರು ಸತ್ತಿತು. ಕಾರಟಗಿ ಕಡೆಯ ಊರು ನಮ್ಮದು, ಸುತ್ತ ಭತ್ತದ ಗದ್ದೆ. ರಾತ್ರಿಯೆಲ್ಲ ಮಳೆ ಬಂದು ಬೆಳಗಿನ ಜಾವ ನಿಂತಿತ್ತು. ಕರು ದೀಪದ ಕಂಬಕ್ಕೆ ಕತ್ತು ಉಜ್ಜಲು ಹೋಗಿದೆ, ಅಷ್ಟೇ. ನಾವು ಓಡಿ ಬರುವ ಹೊತ್ತಿಗೆ ಮುಗಿದಿತ್ತು. ಕಂಬದ ಮೇಲಿನ ದೀಪ ಮಾತ್ರ ಇನ್ನೂ ಉರಿಯುತ್ತಿತ್ತು.

ಆ ದೀಪ ಉರಿಯುತ್ತಿತ್ತು ಅನ್ನುವುದೇ ನನ್ನನ್ನು ತುಂಬಾ ದಿನ ಕಾಡಿತು. ಯಾಕೆಂದರೆ ಆ ಕಂಬಕ್ಕೆ ಅರ್ಥ್ ಇತ್ತು. ವೈರಿಂಗ್ ಮಾಡಿದವರು ಕಂಬದ ಪಕ್ಕದಲ್ಲೇ ರಾಡ್ ಹೊಡೆದು, ವೈರ್ ಸುತ್ತಿ, "ಅರ್ಥ್ ಕೊಟ್ಟಿದ್ದೀನಿ, ಇನ್ನೇನೂ ಭಯ ಇಲ್ಲ" ಅಂತ ಹೇಳಿ ಹೋಗಿದ್ದರು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಲಿಲ್ಲ, ಫ್ಯೂಸ್ ಹೋಗಲಿಲ್ಲ. ಅಗೆದು ನೋಡಿದರೆ ಒಳಗೆ ಸಾದಾ ವೈರ್, ಪ್ಲಾಸ್ಟಿಕ್ ಪೈಪು, ಪೈಪಿನ ತುಂಬಾ ನೀರು, ನಡುವೆ ಟೇಪ್ ಸುತ್ತಿದ ಒಂದು ಜಾಯಿಂಟ್.

ಆಮೇಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಿಸಿದೆ. ಪ್ರತಿಯೊಂದನ್ನೂ ಪಕ್ಕದಲ್ಲಿ ನಿಂತು ನೋಡಿದೆ, ಕೇಳಿದೆ, ಲೆಕ್ಕ ಹಾಕಿದೆ. ನೀವು ಮನೆ ಮುಂದಿನ ಅಂಗಳಕ್ಕೋ, ಕಣಕ್ಕೋ, ದನದ ಕೊಟ್ಟಿಗೆಗೋ, ಗುಡಿಯ ಆವರಣಕ್ಕೋ ಹೊರಗಿನ ದೀಪ ಹಾಕಿಸುವವರಿದ್ದರೆ ಇದನ್ನು ಓದಿ. ಬೋರ್ಡಿನೊಳಗಿನ ಕೆಲಸ, ಮೀಟರ್ ಕಡೆಯ ಕೆಲಸ ಲೈಸೆನ್ಸ್ ಇರುವವರೇ ಮಾಡಬೇಕು, ಅದು ಬೇರೆ ಮಾತಿಲ್ಲ. ಆದರೆ ಯಾವ ಸಾಮಾನು ತರಬೇಕು, ಯಾವುದನ್ನು ಒಪ್ಪಬಾರದು ಅನ್ನುವುದು ಮನೆಯವರಿಗೆ ಗೊತ್ತಿರಬೇಕು.

ಮೊದಲು ಇದು ಅರ್ಥವಾಗಲಿ: ಅರ್ಥ್ ರಾಡ್ ಒಂದೇ ಇದ್ದರೆ ಸಾಲದು

ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕಂಬದಿಂದ ನಮ್ಮ ಮನೆಗೆ ಬರುವುದು ಕರೆಂಟ್ ತರುವ ಫೇಸ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್. ಅರ್ಥ್ ನಾವೇ ಮಾಡಿಕೊಳ್ಳಬೇಕು. ಈಗ ಕಂಬದ ಪಕ್ಕದ ರಾಡಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಮಣ್ಣಿಗೆ ಇಳಿಯಲು ಇರುವ ತಡೆ, 10 ಓಮ್ ಇದೆ ಎಂದುಕೊಳ್ಳಿ. ನಮ್ಮ ಕಡೆ ಅದನ್ನು ಒಳ್ಳೆಯ ಅರ್ಥ್ ಅಂತಲೇ ಹೇಳುತ್ತಾರೆ. ಫೇಸ್ ವೈರ್ ಕಂಬಕ್ಕೆ ತಾಗಿತು. 230 ವೋಲ್ಟನ್ನು 10ರಿಂದ ಭಾಗಿಸಿ, 23 ಆಂಪಿಯರ್ ಬರುತ್ತದೆ. ನಿಜವಾಗಿ ಇನ್ನೂ ಕಡಿಮೆಯೇ ಹರಿಯುತ್ತದೆ, ಯಾಕೆಂದರೆ ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥಿನ ರೆಸಿಸ್ಟೆನ್ಸೂ ಸೇರಿಕೊಳ್ಳುತ್ತದೆ. ಬೋರ್ಡಿನಲ್ಲಿ ಇರುವುದು 16 ಆಂಪಿಯರ್ ಎಂಸಿಬಿ. 23 ಆಂಪಿಯರ್‌ಗೆ ಅದು ತಕ್ಷಣ ಬೀಳುವುದಿಲ್ಲ. ಒಂದು ಗಂಟೆ ಬೀಳದೇ ಇರಬಹುದು. ತಕ್ಷಣ ಬೀಳಬೇಕಾದರೆ 'ಸಿ' ಕರ್ವ್ ಅನ್ನುವ ಬಗೆಯ ಎಂಸಿಬಿಗೆ ಅದರ ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಬೇಕು, ಅಂದರೆ 80ರಿಂದ 160 ಆಂಪಿಯರ್. ಮಣ್ಣಿನ ಮೂಲಕ ಅಷ್ಟು ಹರಿಯುವುದೇ ಇಲ್ಲ.

ಅಷ್ಟು ಹೊತ್ತೂ ಕಂಬದ ಮೈಮೇಲೆ ವೋಲ್ಟೇಜ್ ನಿಂತಿರುತ್ತದೆ, ಸುತ್ತಲಿನ ಒದ್ದೆ ನೆಲದಲ್ಲೂ ಹರಡಿರುತ್ತದೆ. ದನಕರುಗಳಿಗೆ ಇದು ಇನ್ನೂ ಅಪಾಯ. ಮುಂಗಾಲು, ಹಿಂಗಾಲಿನ ನಡುವೆ ಅಂತರ ಜಾಸ್ತಿ, ಕಾಲಿಗೆ ಚಪ್ಪಲಿ ಇಲ್ಲ, ಕರೆಂಟ್ ಎದೆಯ ಮೂಲಕವೇ ಹಾದು ಹೋಗುತ್ತದೆ. ನಮ್ಮ ಕರುವಿಗೆ ಆದದ್ದು ಇದೇ.

ಹಾಗಾದರೆ ಕರೆಂಟ್ ತೆಗೆಯುವವರು ಯಾರು? ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ರಾಡ್ 100 ಓಮ್‌ಗೆ ಹೋದರೂ 2.3 ಆಂಪಿಯರ್ ಹರಿಯುತ್ತದೆ, ಅದು 30 ಮಿಲಿಆಂಪಿಯರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಗೇಟಿನ ಲೈನಿಗೆ ಈ ಒಂದು ಡಬ್ಬಿ ಇದ್ದಿದ್ದರೆ ಕರು ಬದುಕಿರುತ್ತಿತ್ತು. ದುಡ್ಡು ಕಡಿಮೆ ಇದ್ದರೆ ಒಂದು ಕಂಬ ಕಡಿಮೆ ಹಾಕಿಸಿ, ಆರ್‌ಸಿಸಿಬಿ ಮಾತ್ರ ಬಿಡಬೇಡಿ.

ಮೊದಲ ಹೆಜ್ಜೆ: ಅಳತೆ ಮತ್ತು ಲೋಡ್

ಹಗ್ಗ ಹಿಡಿದು ಅಳೆಯಿರಿ. ಬೋರ್ಡಿನಿಂದ ಮೊದಲ ಕಂಬ, ಅಲ್ಲಿಂದ ಎರಡನೆಯದು, ಹೀಗೆ ಕೊನೆಯವರೆಗೆ. ಪ್ರತಿ ಕಂಬದಲ್ಲಿ ಕೇಬಲ್ ಕೆಳಗಿನಿಂದ ಮೇಲೆ ಬಂದು ಮತ್ತೆ ಕೆಳಗಿಳಿಯುತ್ತದೆ, ಬುಡದಲ್ಲಿ ಒಂದು ಸುತ್ತು ಸಡಿಲ ಬಿಡಬೇಕು. ಕಂಬಕ್ಕೆ 3 ಮೀಟರ್ ಜಾಸ್ತಿ ಸೇರಿಸಿ. ನೆಲದೊಳಗೆ ಜಾಯಿಂಟ್ ಇರಬಾರದು ಅನ್ನುವುದು ನಿಯಮ ಅಂತಲೇ ಇಟ್ಟುಕೊಳ್ಳಿ. ಕೇಬಲ್ ಒಂದು ಕಂಬದ ಡಬ್ಬಿಗೆ ಬಂದು, ಅಲ್ಲಿಂದ ಇನ್ನೊಂದು ತುಂಡು ಹೊರಟು ಮುಂದಿನ ಕಂಬಕ್ಕೆ ಹೋಗಬೇಕು. ಅರ್ಧ ಮೀಟರ್ ಕೇಬಲ್ ಕಡಿಮೆ ಬಿದ್ದು ಮಣ್ಣಿನೊಳಗೆ ಟೇಪ್ ಸುತ್ತಿದರೆ ಇಡೀ ಕೆಲಸ ಕೆಟ್ಟಿತು.

ಆಮೇಲೆ ಲೋಡ್. ಈಗಿನ ಎಲ್‌ಇಡಿ ಕಾಲದಲ್ಲಿ ಲೋಡ್ ತುಂಬಾ ಸಣ್ಣದು. ನನ್ನದು ಆರು ಕಂಬ, ಕೊಟ್ಟಿಗೆಗೆ ಎರಡು ಫ್ಲಡ್ ಲೈಟ್, ಎಲ್ಲಾ ಸೇರಿ 400 ವಾಟ್. ಅಂದರೆ ಸುಮಾರು 2 ಆಂಪಿಯರ್. ಉದ್ದ 120 ಮೀಟರ್.

2.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ಗೆ ಒಂದು ಕಿಲೋಮೀಟರಿಗೆ 7.41 ಓಮ್ ರೆಸಿಸ್ಟೆನ್ಸ್. ಹೋಗುವುದಕ್ಕೊಂದು ವೈರ್, ಬರುವುದಕ್ಕೊಂದು ವೈರ್, ಹಾಗಾಗಿ ಉದ್ದವನ್ನು ಎರಡರಿಂದ ಗುಣಿಸಬೇಕು. 240 ಮೀಟರ್ ಅಂದರೆ 0.24 ಕಿಲೋಮೀಟರ್, ಅದನ್ನು 7.41ರಿಂದ, ಆಮೇಲೆ 2 ಆಂಪಿಯರ್‌ನಿಂದ ಗುಣಿಸಿದರೆ ಮೂರೂವರೆ ವೋಲ್ಟ್ ಇಳಿಯುತ್ತದೆ. ಕೇಬಲ್ ಬಿಸಿಯಾದರೆ 4 ವೋಲ್ಟ್ ಹಿಡಿಯಿರಿ. ದೀಪದ ಲೈನಿಗೆ 3 ಪರ್ಸೆಂಟ್, ಅಂದರೆ 7 ವೋಲ್ಟ್‌ವರೆಗೆ ಪರವಾಗಿಲ್ಲ. ಎಲ್ಲಾ ಲೋಡನ್ನೂ ಕೊನೆಯ ಕಂಬದಲ್ಲೇ ಇಟ್ಟು ಹಾಕಿದ ಲೆಕ್ಕ ಇದು, ನಿಜವಾಗಿ ಇನ್ನೂ ಕಡಿಮೆ. ಮುಂದೆ ಗೇಟಿಗೆ ಮೋಟರ್ ಕೂಡಿಸುವ ಆಸೆ ಇದ್ದರೆ ಅಥವಾ ಉದ್ದ 250 ಮೀಟರ್ ದಾಟಿದರೆ 4 ಸ್ಕ್ವೇರ್ ಎಂಎಂ ತೆಗೆದುಕೊಳ್ಳಿ, ಅದಕ್ಕೆ ಕಿಲೋಮೀಟರಿಗೆ 4.61 ಓಮ್. ಸುಮ್ನೆ ದಪ್ಪ ಇರಲಿ ಅಂತ 10 ಸ್ಕ್ವೇರ್ ತಂದರೆ ಕಂಬದ ಸಣ್ಣ ಡಬ್ಬಿಯಲ್ಲಿ ಅದನ್ನು ಬಗ್ಗಿಸಿ ಟರ್ಮಿನಲ್‌ಗೆ ಸೇರಿಸುವುದು ಆಗದ ಮಾತು.

ಎರಡನೆಯದು: ಕೇಬಲ್ ಆರಿಸುವುದು

ಆರ್ಮರ್ಡ್ ಕೇಬಲ್ ಅಂದರೆ ಏನು ಅಂತ ಒಂದು ತುಂಡು ಕತ್ತರಿಸಿ ನೋಡಿ. ಹೊರಗೆ ಕಪ್ಪು ಪಿವಿಸಿ ಹೊದಿಕೆ. ಅದರ ಒಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ಸುತ್ತಿಕೊಂಡಿರುತ್ತವೆ, ಇದೇ ಆರ್ಮರ್. ಅದರ ಒಳಗೆ ಇನ್ನೊಂದು ಹೊದಿಕೆ. ಅದರೊಳಗೆ ಕರೆಂಟ್ ಒಯ್ಯುವ ಬಣ್ಣದ ವೈರ್‌ಗಳು, ಅಂದರೆ ಕೋರ್‌ಗಳು. ಗುದ್ದಲಿ ಏಟು, ಹೆಗ್ಗಣದ ಹಲ್ಲು, ಟ್ರ್ಯಾಕ್ಟರ್ ಚಕ್ರದ ಭಾರ, ಇವನ್ನೆಲ್ಲ ತಡೆಯುವುದು ಆ ತಂತಿಗಳು. ಭತ್ತದ ಬದುವಿನಲ್ಲಿ ಇಲಿ, ಹೆಗ್ಗಣಗಳು ಪ್ಲಾಸ್ಟಿಕ್ ಪೈಪನ್ನೇ ಕಡಿದು ಒಳಗಿನ ವೈರನ್ನು ತಿಂದದ್ದನ್ನು ನಮ್ಮ ಕಡೆ ನೋಡದವರು ಯಾರಿದ್ದಾರೆ?

ಆರ್ಮರ್‌ಗೆ ಇನ್ನೊಂದು ಕೆಲಸವೂ ಇದೆ. ಗುದ್ದಲಿ ಕೇಬಲ್‌ಗೆ ತೂರಿದರೆ ಅದು ಫೇಸ್ ಮುಟ್ಟುವ ಮೊದಲು ಆರ್ಮರ್ ಮುಟ್ಟುತ್ತದೆ. ಆರ್ಮರ್‌ಗೆ ಅರ್ಥ್ ಇದ್ದರೆ ಫೇಸಿಗೆ ತಾಗಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ, ಗುದ್ದಲಿ ಹಿಡಿದವನು ಉಳಿಯುತ್ತಾನೆ. ಅರ್ಥ್ ಕೊಡದೆ ಸುಮ್ನೆ ಕತ್ತರಿಸಿ ಬಿಟ್ಟ ಆರ್ಮರ್ ಇದೆಯಲ್ಲ, ಅದು ಒಂದು ಕಡೆ ಫಾಲ್ಟ್ ಆದರೆ ಕೊನೆಯವರೆಗೂ ಕರೆಂಟನ್ನು ಹೊತ್ತು ಸಾಗಿಸುತ್ತದೆ. ಹತ್ತರಲ್ಲಿ ಎಂಟು ಕಡೆ ನಾನು ನೋಡಿದ್ದು ಇದನ್ನೇ. ಬೆಲೆ ಕೊಟ್ಟು ಆರ್ಮರ್ಡ್ ಕೇಬಲ್ ತರುತ್ತಾರೆ, ಡಬ್ಬಿಯ ಹತ್ತಿರ ಆರ್ಮರ್ ಕತ್ತರಿಸಿ ಎಸೆಯುತ್ತಾರೆ.

ಕೇಬಲ್ ಮೇಲಿನ ಅಕ್ಷರ ಓದುವುದನ್ನು ಕಲಿತರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಮೊದಲ ಅಕ್ಷರ 'ಎ' ಇದ್ದರೆ ಅಲ್ಯೂಮಿನಿಯಂ. 'ಎ' ಇಲ್ಲದಿದ್ದರೆ ತಾಮ್ರ. ಆಮೇಲೆ 'ವೈ' ಇದ್ದರೆ ಒಳಗಿನ ಇನ್ಸುಲೇಶನ್ ಪಿವಿಸಿ, '2ಎಕ್ಸ್' ಇದ್ದರೆ ಇನ್ನೊಂದು ಬಗೆಯ ಪ್ಲಾಸ್ಟಿಕ್ ಆದ ಎಕ್ಸ್‌ಎಲ್‌ಪಿಇ. ಮುಂದೆ 'ಡಬ್ಲ್ಯು' ಇದ್ದರೆ ಆರ್ಮರ್ ದುಂಡು ತಂತಿ, 'ಎಫ್' ಇದ್ದರೆ ಚಪ್ಪಟೆ ಪಟ್ಟಿ. ಕೊನೆಯ 'ವೈ' ಹೊರಗಿನ ಪಿವಿಸಿ ಹೊದಿಕೆ. ನಾನು ಹಾಕಿಸಿದ್ದು 2ಎಕ್ಸ್‌ಡಬ್ಲ್ಯುವೈ, 3 ಕೋರ್, 2.5 ಸ್ಕ್ವೇರ್ ಎಂಎಂ, 1100 ವೋಲ್ಟ್. ಐಎಸ್‌ಐ ಗುರುತಿನ ಜೊತೆ ಪಿವಿಸಿ ಕೇಬಲ್ ಆದರೆ ಐಎಸ್ 1554, ಎಕ್ಸ್‌ಎಲ್‌ಪಿಇ ಆದರೆ ಐಎಸ್ 7098 ಅಂತ ಹೊದಿಕೆಯ ಮೇಲೆಯೇ ಇರಬೇಕು, ಮೀಟರ್ ಲೆಕ್ಕದ ಗುರುತೂ ಇರುತ್ತದೆ.

ಪಿವಿಸಿ ಬೇಕಾ, ಎಕ್ಸ್‌ಎಲ್‌ಪಿಇ ಬೇಕಾ? ದೀಪದ ಸಣ್ಣ ಲೋಡಿಗೆ ಬಿಸಿಯ ದೃಷ್ಟಿಯಿಂದ ಎರಡೂ ಒಂದೇ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ನೀರಾವರಿ ಜಾಗದಲ್ಲಿ ನೆಲ ವರ್ಷದ ಬಹುಪಾಲು ಒದ್ದೆಯೇ. ಎಕ್ಸ್‌ಎಲ್‌ಪಿಇ ನೀರನ್ನು ಕಡಿಮೆ ಹೀರುತ್ತದೆ, ಹಾಗಾಗಿ ಗದ್ದೆ ಪಕ್ಕ ಅದೇ ಇರಲಿ ಅನ್ನುತ್ತೇನೆ. ಒಣ ಮಸಾರಿ ನೆಲದಲ್ಲಿ ಪಿವಿಸಿ ಸಾಕು.

ಅಲ್ಯೂಮಿನಿಯಂ ಅಗ್ಗ, ನಿಜ. 2.5 ತಾಮ್ರದ ಜಾಗಕ್ಕೆ 4 ಸ್ಕ್ವೇರ್ ಅಲ್ಯೂಮಿನಿಯಂ ಹಾಕಿದರೆ ರೆಸಿಸ್ಟೆನ್ಸ್ ಒಂದೇ ಬರುತ್ತದೆ. ಆದರೆ ಸಣ್ಣ ಗಾತ್ರದಲ್ಲಿ ಅದು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಸ್ಕ್ರೂ ಕೆಳಗೆ ವರ್ಷದಿಂದ ವರ್ಷಕ್ಕೆ ಸಡಿಲ ಆಗುತ್ತದೆ. ಊರಿನ ರಸ್ತೆ ದೀಪ, ಜಾತ್ರೆ ಬಯಲು ಅಂತ ಉದ್ದನೆಯ ಲೈನಿಗೆ 10, 16 ಸ್ಕ್ವೇರ್ ಅಲ್ಯೂಮಿನಿಯಂ ಸರಿ. ಮನೆಯ ಅಂಗಳಕ್ಕೆ ತಾಮ್ರವೇ ಇರಲಿ.

ಮೂರು ಕೋರ್ ಯಾಕೆ, ಎರಡು ಕೋರ್ ತಂದು ಆರ್ಮರನ್ನೇ ಅರ್ಥ್ ಮಾಡಿದರೆ ಆಗಲ್ವಾ? ಕೇಳುವವರಿದ್ದಾರೆ. ಉಕ್ಕು ತಾಮ್ರದ ಎಂಟನೇ ಒಂದು ಪಾಲಿನಷ್ಟೂ ಸರಿಯಾಗಿ ಕರೆಂಟ್ ಒಯ್ಯುವುದಿಲ್ಲ, ಜೊತೆಗೆ ಹೊದಿಕೆ ಎಲ್ಲೋ ಒಂದು ಕಡೆ ಹರಿದು ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ನಮ್ಮ ಸವಳು ನೆಲದಲ್ಲಂತೂ ಬೇಗ. ಒಂದು ಕೋರ್ ಪೂರ್ತಿ ಅರ್ಥ್‌ಗೆ ಇರಲಿ, ಆರ್ಮರ್ ಅದಕ್ಕೆ ಜೊತೆಯಾಗಲಿ. ಮೂರು ಕೋರ್ ಕೇಬಲ್ ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಬರುತ್ತದೆ. ಕೆಂಪು ಫೇಸ್. ನೀಲಿಗೆ ಎರಡೂ ತುದಿಯಲ್ಲಿ ಕಪ್ಪು ಸ್ಲೀವ್ ಹಾಕಿ ನ್ಯೂಟ್ರಲ್ ಮಾಡಿ. ಹಳದಿಗೆ ಹಸಿರು ಸ್ಲೀವ್ ಹಾಕಿ ಅರ್ಥ್ ಮಾಡಿ. ಪ್ರತಿ ಕಂಬದಲ್ಲೂ ಇದೇ ಬಣ್ಣ ಇರಬೇಕು. ಮುಂದೆ ಇನ್ಯಾರೋ ಬಂದು ಬಿಚ್ಚಿದಾಗ ಅವರ ಜೀವ ಈ ಬಣ್ಣದ ಮೇಲೆ ನಿಂತಿರುತ್ತದೆ.

ಎರಡು ವಿಷಯಕ್ಕೆ ಖಡಾಖಂಡಿತ ಬೇಡ ಅನ್ನಿ. ಒಂದು, ಬೋರ್‌ವೆಲ್ ಮೋಟರಿನ ಚಪ್ಪಟೆ ಕೇಬಲ್ ಉಳಿದಿದೆ ಅಂತ ಅದನ್ನು ಹೂಳುವುದು. ಅದು ನೀರೊಳಗೆ ನೇತಾಡಲು ಮಾಡಿದ್ದು, ಹೆಗ್ಗಣಕ್ಕೂ ಗುದ್ದಲಿಗೂ ಅದರಲ್ಲಿ ತಡೆ ಇಲ್ಲ. ಇನ್ನೊಂದು, ಫೇಸ್ ಒಂದನ್ನೇ ಎಳೆದು, ನ್ಯೂಟ್ರಲ್ ಬದಲಿಗೆ ಅರ್ಥ್ ರಾಡಿನಿಂದ ಬಲ್ಬ್ ಉರಿಸುವುದು. ಪಂಪ್‌ಸೆಟ್ ಶೆಡ್‌ಗಳಲ್ಲಿ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ ಅಂದರೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಆ ರಾಡಿನ ವೈರ್ ಸಡಿಲವಾದರೆ ಅದನ್ನು ಮುಟ್ಟಿದವರ ಮೈಯೇ ನ್ಯೂಟ್ರಲ್.

ಮೂರನೆಯದು: ಅಗೆಯುವುದು, ಹೂಳುವುದು

ಆಳ ಕನಿಷ್ಠ 75 ಸೆಂಟಿಮೀಟರ್, ಎರಡೂವರೆ ಅಡಿ. ಟ್ರ್ಯಾಕ್ಟರ್ ಉಳುಮೆ ಮಾಡುವ ಜಾಗ ದಾಟಬೇಕಾದರೆ 3 ಅಡಿ, ದಾರಿ ದಾಟುವಾಗ ಗಟ್ಟಿ ಪೈಪಿನೊಳಗೆ.

ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗೆ ಉಬ್ಬುತ್ತದೆ, ಏಪ್ರಿಲ್ ಮೇ ಬಿಸಿಲಿಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಂಬಗಳು ವಾಲುತ್ತವೆ, ಕಾಂಪೌಂಡ್ ಗೋಡೆ ಸೀಳುತ್ತದೆ. ಅದೇ ಮಣ್ಣು ಕೇಬಲನ್ನೂ ಹಿಡಿದು ಎಳೆಯುತ್ತದೆ. ಅದಕ್ಕೇ ಇಲ್ಲಿ ಮರಳಿನ ಹಾಸಿಗೆ ಬೇಕೇ ಬೇಕು: ಕೆಳಗೆ ನಾಲ್ಕು ಬೆರಳು ಮರಳು, ಅದರ ಮೇಲೆ ಕೇಬಲ್ ಬಿಗಿಯಾಗಿ ಅಲ್ಲ, ಹಾವು ಹರಿದ ಹಾಗೆ ಸ್ವಲ್ಪ ಅಂಕುಡೊಂಕಾಗಿ, ಮತ್ತೆ ನಾಲ್ಕು ಬೆರಳು ಮರಳು, ಅದರ ಮೇಲೆ ಅಡ್ಡಡ್ಡ ಇಟ್ಟಿಗೆ, ಆಮೇಲೆ ಮಣ್ಣು. ಮಣ್ಣು ಅರ್ಧ ತುಂಬಿದ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ. ಮರಳು ದುಬಾರಿ ಅಂತ ಬಿಡಬೇಡಿ, ಎಂ ಸ್ಯಾಂಡ್ ಆದರೂ ನಡೆಯುತ್ತದೆ. ಪ್ರತಿ ಕಂಬದ ಬುಡದಲ್ಲಿ ಒಂದು ಮೀಟರ್ ಸಡಿಲ ಸುತ್ತು ಇರಲಿ, ಕಂಬ ವಾಲಿದರೂ ಕೇಬಲ್ ಕಿತ್ತು ಬರುವುದಿಲ್ಲ. ತಿರುವಿನಲ್ಲಿ ಮೊಣಕೈ ಹಾಗೆ ಮಡಿಸಬೇಡಿ. ಕೇಬಲ್ ದಪ್ಪದ 12 ಪಟ್ಟು ತ್ರಿಜ್ಯದಲ್ಲಿ ದುಂಡಾಗಿ ತಿರುಗಿಸಬೇಕು.

ಮಣ್ಣು ಮುಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಗೋಡೆ ಅಥವಾ ಮರದಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಬರೆದಿಡಿ. ನಾನು ಮನೆ ಕಾಗದಪತ್ರದ ಜೊತೆಗೇ ಇಟ್ಟಿದ್ದೇನೆ.

ನಾಲ್ಕನೆಯದು: ಗ್ಲ್ಯಾಂಡ್

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಕೆಲಸ ಕೆಡುವುದು ಇಲ್ಲೇ.

ಗ್ಲ್ಯಾಂಡ್ ಅಂದರೆ ಕೇಬಲ್ ಡಬ್ಬಿಯೊಳಗೆ ಹೋಗುವ ಜಾಗದಲ್ಲಿ ಹಿಡಿದುಕೊಳ್ಳುವ ಹಿತ್ತಾಳೆ ಸಾಮಾನು. ಹೊರಗೆ ಯಾವಾಗಲೂ ಡಬಲ್ ಕಂಪ್ರೆಶನ್ ಗ್ಲ್ಯಾಂಡ್. ಅದು ಆರ್ಮರನ್ನೂ ಕಚ್ಚುತ್ತದೆ, ಒಳಗಿನ ಹೊರಗಿನ ಹೊದಿಕೆಗೂ ರಬ್ಬರ್ ಸೀಲ್ ಕೊಡುತ್ತದೆ. ಸಿಂಗಲ್ ಕಂಪ್ರೆಶನ್ ಒಳಾಂಗಣಕ್ಕೆ. ಅಂಗಡಿಗೆ ಹೋಗುವಾಗ ಒಂದು ಗೇಣು ಕೇಬಲ್ ತುಂಡು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅದರ ಮೇಲೆ ಕೂರಿಸಿ ನೋಡಿಯೇ ತನ್ನಿ. ಸಡಿಲ ಗ್ಲ್ಯಾಂಡಿಗೆ ಟೇಪ್ ಸುತ್ತಿ ಬಿಗಿ ಮಾಡುವವರನ್ನು ನೋಡಿದರೆ ಕೆಲಸ ನಿಲ್ಲಿಸಿ.

ಮೊದಲು ಕೇಬಲ್‌ಗೆ ರಬ್ಬರ್ ಟೋಪಿ, ಹಿಂದಿನ ನಟ್ ತೂರಿಸಿಕೊಳ್ಳಬೇಕು. ಮರೆತರೆ ಮತ್ತೆ ಎಲ್ಲಾ ಬಿಚ್ಚಬೇಕು. ಆಮೇಲೆ ಹೊರಗಿನ ಹೊದಿಕೆ ಸುತ್ತಲೂ ಬ್ಲೇಡಿನಿಂದ ಗೆರೆ ಹಾಕಿ ಸುಲಿಯಿರಿ. ಆರ್ಮರ್ ತಂತಿಗಳು ಕಾಣುತ್ತವೆ, ಬಿಳಿಯಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ಅವುಗಳನ್ನು ಬೆರಳುದ್ದ ಉಳಿಸಿ, ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ಆಳ ಮಾತ್ರ ಕೊಯ್ದು, ಬಗ್ಗಿಸಿ ಮುರಿಯಬೇಕು. ಪೂರ್ತಿ ಕೊಯ್ದರೆ ಬ್ಲೇಡ್ ಒಳ ಹೊದಿಕೆಗೆ ಇಳಿಯುತ್ತದೆ. ಉಳಿದ ತಂತಿಗಳನ್ನು ಪೊರಕೆ ಕಡ್ಡಿ ಹರವಿದ ಹಾಗೆ ಹೊರಕ್ಕೆ ಬಿಡಿಸಿ. ಗ್ಲ್ಯಾಂಡಿನ ಕೋನ್ ಅವುಗಳ ಕೆಳಗೆ ಸೇರಿಸಿ, ತಂತಿಗಳನ್ನು ಕೋನ್ ಮೇಲೆ ಸಮನಾಗಿ ಮಲಗಿಸಿ, ರಿಂಗ್ ಕೂರಿಸಿ, ನಟ್ ಬಿಗಿ ಮಾಡಿ. ಒಂದು ತಂತಿಯೂ ಇನ್ನೊಂದರ ಮೇಲೆ ಹತ್ತಿರಬಾರದು. ಬಿಗಿಯಾದ ಮೇಲೆ ಕೇಬಲ್ ಹಿಡಿದು ಜೋರಾಗಿ ಎಳೆದು ನೋಡಿ, ಅಲುಗಬಾರದು.

ಗ್ಲ್ಯಾಂಡ್ ಜೊತೆ ಅರ್ಥ್ ಟ್ಯಾಗ್ ಅಂತ ಒಂದು ಹಿತ್ತಾಳೆ ಬಿಲ್ಲೆ ಬೇಕು. ಅಂಗಡಿಯವರು ಕೇಳದೆ ಕೊಡುವುದಿಲ್ಲ, ಬಾಯಿಬಿಟ್ಟು ಕೇಳಿ. ಅದರಿಂದ 4 ಸ್ಕ್ವೇರ್ ಎಂಎಂ ಹಸಿರು ವೈರ್ ಡಬ್ಬಿಯೊಳಗಿನ ಅರ್ಥ್ ಟರ್ಮಿನಲ್‌ಗೆ ಹೋಗಬೇಕು. ಡಬ್ಬಿ ಪ್ಲಾಸ್ಟಿಕ್ ಆಗಿದ್ದರಂತೂ ಟ್ಯಾಗ್ ಇಲ್ಲದೆ ಆರ್ಮರ್‌ಗೆ ಅರ್ಥ್ ಸಿಗುವುದೇ ಇಲ್ಲ. ಬಂದ ಕೇಬಲಿನ ಗ್ಲ್ಯಾಂಡ್, ಹೊರಟ ಕೇಬಲಿನ ಗ್ಲ್ಯಾಂಡ್, ಮೂರನೇ ಕೋರ್‌ಗಳು, ಕಂಬದ ಮೈ, ದೀಪದ ಮೈ, ಇವೆಲ್ಲ ಒಂದೇ ಅರ್ಥ್ ಟರ್ಮಿನಲ್‌ನಲ್ಲಿ ಕೂಡಬೇಕು.

ಕಂಬಕ್ಕೆ ಅರ್ಥ್ ಕೊಡುವಾಗ ಪೇಂಟ್ ಮೇಲೆ ಬೋಲ್ಟ್ ಹಾಕಿದರೆ ಕೊಟ್ಟಂತಲ್ಲ. ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿರುವ ವಾಷರ್ ಇಟ್ಟು ಬಿಗಿ ಮಾಡಿ, ಆಮೇಲೆ ಗ್ರೀಸ್ ಅಥವಾ ಪೇಂಟ್ ಬಳಿಯಿರಿ. ಸಂಡೂರು ಕಡೆಯ ಅದಿರಿನ ಧೂಳು ಬೀಳುವ ಜಾಗದಲ್ಲಿ ಡಬ್ಬಿಯ ರಬ್ಬರ್ ಗ್ಯಾಸ್ಕೆಟ್ ನೋಡಿ ತೆಗೆದುಕೊಳ್ಳಿ, ಧೂಳು, ನೀರು ತಡೆಯುವ ಮಟ್ಟ ಐಪಿ 65ಕ್ಕಿಂತ ಕಡಿಮೆ ಬೇಡ. ಡಬ್ಬಿ ನೆಲದಿಂದ ಎರಡು ಅಡಿ ಮೇಲಿರಲಿ. ಗದ್ದೆ ಪಕ್ಕ ಆದರೆ ಇನ್ನೂ ಮೇಲೆ.

ಐದನೆಯದು: ಅರ್ಥ್ ಗುಂಡಿ

ಪೈಪ್ ಅರ್ಥಿಂಗ್ ಆದರೆ ಜಿಐ ಪೈಪ್ ಒಳವ್ಯಾಸ 38 ಮಿಲಿಮೀಟರ್, ಉದ್ದ ಎರಡೂವರೆ ಮೀಟರ್, ಇವು ಕನಿಷ್ಠ. ಅರ್ಥಿಂಗ್ ಬಗ್ಗೆ ಇರುವ ಭಾರತೀಯ ಮಾನದಂಡ ಐಎಸ್ 3043 ಹೇಳುವುದು ಅದನ್ನೇ. ಮೂರಡಿ ಕಬ್ಬಿಣದ ಸಲಾಕೆ ಹೊಡೆದು ಅರ್ಥ್ ಅನ್ನುವುದನ್ನು ಒಪ್ಪಬೇಡಿ. ಗೋಡೆಯಿಂದ ಒಂದೂವರೆ ಮೀಟರ್ ದೂರ ಇರಲಿ. ಎರಡು ಗುಂಡಿ ಮಾಡುವುದಾದರೆ ಅವುಗಳ ನಡುವೆ ಪೈಪಿನ ಉದ್ದದ ಎರಡು ಪಟ್ಟು ಅಂತರ ಬೇಕು. ಹತ್ತಿರ ಹತ್ತಿರ ಹೊಡೆದರೆ ಎರಡೂ ಸೇರಿ ಒಂದರಷ್ಟೇ ಕೆಲಸ ಮಾಡುತ್ತವೆ.

ಎರೆ ಮಣ್ಣು ಒದ್ದೆ ಇದ್ದಾಗ ಅರ್ಥಿಂಗ್‌ಗೆ ಬಂಗಾರ. ಆದರೆ ಒಣಗಿದಾಗ ಪೈಪಿನ ಸುತ್ತಲೂ ಬಿರುಕು ಬಿಟ್ಟು ಪೈಪನ್ನೇ ಬಿಟ್ಟು ದೂರ ಸರಿಯುತ್ತದೆ. ಮೇಲಿನ ಎರಡು ಮೂರು ಅಡಿ ಬೇಸಿಗೆಯಲ್ಲಿ ಲೆಕ್ಕಕ್ಕೇ ಇಲ್ಲ. ಅದಕ್ಕೆ ಆಳ ಹೋಗಬೇಕು, 3 ಮೀಟರ್ ಹೋದರೆ ಇನ್ನೂ ಒಳ್ಳೆಯದು. ಪೈಪಿನ ಸುತ್ತ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ ತುಂಬಿ, ತೇವ ಇರುವವರೆಗೆ ಅದು ಪೈಪಿಗೆ ಅಂಟಿಕೊಂಡೇ ಇರುತ್ತದೆ. ಉಪ್ಪು ಇದ್ದಿಲು ಹಳೆಯ ಪದ್ಧತಿ, ಕೆಲಸ ಮಾಡುತ್ತದೆ, ಆದರೆ ಉಪ್ಪು ನೀರಿಗೆ ಕೊಚ್ಚಿಹೋಗುತ್ತದೆ ಮತ್ತು ಜಿಐ ಪೈಪನ್ನು ತಿನ್ನುತ್ತದೆ. ಕಾಲುವೆ ಕೆಳಗಿನ ಸವಳು ಜವಳು ನೆಲದಲ್ಲಿ ಮಣ್ಣಲ್ಲೇ ಉಪ್ಪು ಇದೆ, ಅಲ್ಲಿ ಮತ್ತೆ ಉಪ್ಪು ಸುರಿಯುವುದು ಪೈಪಿಗೆ ನಾವೇ ತುಕ್ಕು ಹಚ್ಚಿದ ಹಾಗೆ. ಬಚ್ಚಲ ನೀರು ಹೋಗುವ ಕಡೆ, ನೀರಿನ ತೊಟ್ಟಿಯ ಪಕ್ಕ ಗುಂಡಿ ಮಾಡಿದರೆ ನೆಲ ವರ್ಷವಿಡೀ ತೇವ ಇರುತ್ತದೆ. ನಮ್ಮದು ದನಕ್ಕೆ ನೀರು ಕುಡಿಸುವ ಬಾನಿಯ ಹಿಂದೆ ಇದೆ, ದನ ತುಳಿಯದಂತೆ ಮೇಲೆ ಚಪ್ಪಡಿ ಮುಚ್ಚಿದೆ.

ಆನೆಗೊಂದಿ, ಕೊಪ್ಪಳದ ಬೆಟ್ಟದ ಬುಡ, ರಾಯಚೂರು ಕೋಟೆ ಸುತ್ತ, ಇಂತಹ ಕಡೆ ಎರಡು ಅಡಿಗೇ ಬಂಡೆ ಸಿಗುತ್ತದೆ. ಬಂಡೆಯ ಮೇಲೆ ಪೈಪ್ ನಿಲ್ಲಿಸಿ ಪ್ರಯೋಜನ ಇಲ್ಲ. ಅಲ್ಲಿ 25 ಮಿಲಿಮೀಟರ್ ಅಗಲದ ಜಿಐ ಪಟ್ಟಿಯನ್ನು ಉದ್ದಕ್ಕೆ ಮಣ್ಣಿನಲ್ಲಿ ಅಡ್ಡ ಮಲಗಿಸಿ ಹೂಳಬೇಕು. ಹೇಗೂ ಕೇಬಲ್‌ಗೆ ಅಗೆಯುತ್ತೀರಲ್ಲ, ಅದೇ ಟ್ರೆಂಚಿನ ತಳದಲ್ಲಿ ಮರಳಿನ ಕೆಳಗೆ, ಮಣ್ಣಿಗೆ ತಾಗುವಂತೆ ಪಟ್ಟಿ ಹಾಕಿದರೆ ಖರ್ಚು ಉಳಿಯುತ್ತದೆ. ತಾಮ್ರದ ವೈರನ್ನು ಜಿಐ ಪಟ್ಟಿಗೆ ಮಣ್ಣೊಳಗೆ ನೇರವಾಗಿ ಕಟ್ಟಬೇಡಿ, ಸತು ಕರಗಿಹೋಗುತ್ತದೆ. ಆ ಜೋಡಣೆ ಮಣ್ಣಿನ ಮೇಲೆ, ಚೇಂಬರಿನಲ್ಲಿ, ತವರ ಲೇಪಿಸಿದ ಲಗ್ ಹಾಕಿ.

ಅರ್ಥ್ ಟೆಸ್ಟರ್ ಇರುವವರಿಂದ ಅಳತೆ ಮಾಡಿಸಿ, ಅದೂ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಮಳೆಗಾಲದಲ್ಲಿ 2 ಓಮ್ ತೋರಿಸಿ ಖುಷಿಪಡಿಸುವ ಗುಂಡಿ ಬೇಸಿಗೆಯಲ್ಲಿ ಎಲ್ಲಿಗೋ ಹೋಗಿರುತ್ತದೆ. ಬೇಸಿಗೆಯಲ್ಲಿ 5 ಓಮ್ ಒಳಗೆ ಬಂದರೆ ತುಂಬಾ ಒಳ್ಳೆಯದು. ಕಂಬಗಳ ಪಕ್ಕ ಬೇರೆ ರಾಡ್ ಹಾಕುವುದಾದರೆ ಹಾಕಿ, ಕೊನೆಯ ಕಂಬಕ್ಕೆ ಒಂದು ಇದ್ದರೆ ಒಳ್ಳೆಯದೇ. ಆದರೆ ಅದು ಮನೆಯ ಅರ್ಥ್‌ಗೆ ಮೂರನೇ ಕೋರ್ ಮೂಲಕ ಸೇರಿರಲೇಬೇಕು. ಒಂಟಿ ರಾಡ್ ಬೇಡ.

ಆರನೆಯದು: ಬೋರ್ಡ್

ಹೊರಗಿನ ದೀಪಕ್ಕೆ ಬೇರೆಯೇ ಲೈನ್, 6 ಅಥವಾ 10 ಆಂಪಿಯರ್ ಎಂಸಿಬಿ, ಅದಕ್ಕೇ ಮೀಸಲಾದ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಎಲ್‌ಇಡಿ ಡ್ರೈವರ್‌ಗಳು ದೀಪಕ್ಕೆ ಕರೆಂಟ್ ಹೊಂದಿಸಿ ಕೊಡುವ ಎಲೆಕ್ಟ್ರಾನಿಕ್ ಸಾಮಾನು, ಹಾಗಾಗಿ 'ಎ' ಟೈಪ್ ಆರ್‌ಸಿಸಿಬಿ ಕೇಳಿ, ಮಾಮೂಲಿ 'ಎಸಿ' ಟೈಪ್ ಅಲ್ಲ. ಆರ್‌ಸಿಸಿಬಿ ಓವರ್‌ಲೋಡ್‌ಗೆ ಬೀಳುವುದಿಲ್ಲ, ಎಂಸಿಬಿ ಸಣ್ಣ ಲೀಕೇಜ್‌ಗೆ ಬೀಳುವುದಿಲ್ಲ. ಎರಡೂ ಬೇಕು. ಈ ಲೈನಿನ ನ್ಯೂಟ್ರಲ್ ಮನೆಯ ಇತರ ನ್ಯೂಟ್ರಲ್ ಜೊತೆ ಆರ್‌ಸಿಸಿಬಿ ದಾಟಿದ ಮೇಲೆ ಸೇರಬಾರದು. ಸೇರಿಸಿಬಿಟ್ಟು, ಸುಮ್ನೆ ಸುಮ್ನೆ ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ಕಿತ್ತುಹಾಕಿದ ಮನೆಗಳು ಎಷ್ಟೋ ಇವೆ.

ಪ್ರತಿ ಡ್ರೈವರ್‌ನಿಂದ ಒಂದಿಷ್ಟು ಲೀಕೇಜ್ ಇದ್ದೇ ಇರುತ್ತದೆ. ಇಪ್ಪತ್ತು ಮೂವತ್ತು ದೀಪ ಇದ್ದರೆ ಎರಡು ಆರ್‌ಸಿಸಿಬಿ ಮಾಡಿ ಹಂಚಿ. ಬಯಲಲ್ಲಿ ಒಂಟಿ ಮನೆ ಇದ್ದರೆ ಸಿಡಿಲಿನ ಹೊಡೆತಕ್ಕೆ ಡ್ರೈವರ್‌ಗಳು ಸಾಲಾಗಿ ಹೋಗುತ್ತವೆ, ಬೋರ್ಡಿನಲ್ಲಿ ಆ ಹೊಡೆತ ತಡೆಯುವ ಟೈಪ್ 2 ಎಸ್‌ಪಿಡಿ ಹಾಕಿಸಿ.

ಚಾಲೂ ಮಾಡುವ ಮೊದಲು

500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಇನ್ಸುಲೇಶನ್ ನೋಡಬೇಕು. ಒಂದು ಮೆಗಾಓಮ್ ಕನಿಷ್ಠ, ಹೊಸ ಕೇಬಲ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಮೆಗ್ಗರ್ ಹಾಕುವಾಗ ದೀಪದ ಡ್ರೈವರ್, ಎಸ್‌ಪಿಡಿ, ಆರ್‌ಸಿಸಿಬಿ ಎಲ್ಲಾ ಬಿಚ್ಚಿರಬೇಕು, ಇಲ್ಲವಾದರೆ ಅವೇ ಸುಟ್ಟುಹೋಗುತ್ತವೆ. ಮಣ್ಣು ಮುಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ನೋಡಿದರೆ ಇಟ್ಟಿಗೆ ಜಾರಿ ಕೇಬಲ್‌ಗೆ ಏಟು ಬಿದ್ದಿದ್ದರೂ ಗೊತ್ತಾಗುತ್ತದೆ. ಆಮೇಲೆ ಮಲ್ಟಿಮೀಟರ್‌ನಿಂದ ಬೋರ್ಡಿನ ಅರ್ಥ್ ಬಾರಿನಿಂದ ಕೊನೆಯ ಕಂಬದ ಮೈವರೆಗೆ ಕಂಟಿನ್ಯುಟಿ, ಅಂದರೆ ಅರ್ಥ್ ದಾರಿ ಎಲ್ಲೂ ಕಡಿದಿಲ್ಲವಾ ಅಂತ ನೋಡುವುದು. ಇದಕ್ಕೊಂದು ಉದ್ದ ವೈರ್ ಬೇಕಾಗುತ್ತದೆ, ತಾಳ್ಮೆಯೂ ಬೇಕು, ಆದರೆ ಎಲ್ಲೋ ಒಂದು ಸ್ಕ್ರೂ ಬಿಗಿಯಾಗಿಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ನಾಲ್ಕನೇ ಕಂಬದಲ್ಲಿ ಹಾಗೇ ಸಿಕ್ಕಿತು, ಅರ್ಥ್ ವೈರ್ ಟರ್ಮಿನಲ್ ಪಕ್ಕದಲ್ಲೇ ಗಾಳಿಯಲ್ಲಿ ನಿಂತಿತ್ತು. ಹಾಗೇ ಬಿಟ್ಟಿದ್ದರೂ ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಮೇನ್ ಆಫ್ ಮಾಡಿ ಪ್ರತಿ ಡಬ್ಬಿ ತೆಗೆದು ನೋಡಿ. ಇರುವೆ ಗೂಡು, ಹಲ್ಲಿ, ನೀರಿನ ಕಲೆ ಇದ್ದರೆ ಸ್ವಚ್ಛ ಮಾಡಿ ಗ್ಯಾಸ್ಕೆಟ್ ಬದಲಾಯಿಸಿ, ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಜೆಸ್ಕಾಂ ಕಂಬದಲ್ಲಿ ಅಥವಾ ಸರ್ವಿಸ್ ವೈರಿನಲ್ಲಿ ಕಿಡಿ ಕಂಡರೆ ನೀವೇ ಹತ್ತಬೇಡಿ, 1912ಕ್ಕೆ ಫೋನ್ ಮಾಡಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ ಒತ್ತಿ. ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಒತ್ತುವ ರೂಢಿ ಮಾಡಿಕೊಂಡಿದ್ದೇವೆ, ಮರೆಯುವುದಿಲ್ಲ ಅಂತ. ಒತ್ತಿದ ಕೂಡಲೇ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅವತ್ತೇ ಹೊರಗಿನ ಲೈನ್ ಆಫ್ ಮಾಡಿ, ಹೊಸ ಆರ್‌ಸಿಸಿಬಿ ಬರುವವರೆಗೆ ಟಾರ್ಚ್ ಹಿಡಿದು ಓಡಾಡಿ.